ಹಳೆಮರ ಹುಡುಕಿ ಹೊರಟವರಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೊರದೇಶಕ್ಕೆ ಹೋದಾಗ ಅಲ್ಲಿಯ ಹಳೆಯ ಮರಗಳನ್ನೂ ನೋಡಿ ಬರಬೇಕೆಂಬ ಆಸೆಯಿಂದ ಘಟ್ಟದ ಮೇಲಿನವರೂ ಕೆಳಗಿನವರೂ ಬರೆದ ಪತ್ರಗಳು ಈ ಸಲದ ಅಂಕಣದಲ್ಲಿವೆ. ಪತ್ರಗಳನ್ನು ಚಿಕ್ಕದು ಮಾಡಿ, ಬರೆದವರ ಊರನ್ನಷ್ಟೇ ಕೊಟ್ಟಿದ್ದೇವೆ. ಟಿಕೆಟ್ ದರ, ವೀಸಾ ನಿಯಮ, ರಸ್ತೆ ಮುಚ್ಚುವ ದಿನ ವರ್ಷವರ್ಷಕ್ಕೂ ಬದಲಾಗುತ್ತವೆ. ಹೊರಡುವ ವಾರ ಆಯಾ ಉದ್ಯಾನದ ಅಧಿಕೃತ ಜಾಲತಾಣದಲ್ಲಿ ಇನ್ನೊಮ್ಮೆ ನೋಡಿಕೊಳ್ಳಿ.

ಪ್ರಶ್ನೆ (ಶಿರಸಿ): ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಆಗಸ್ಟ್, ಸೆಪ್ಟೆಂಬರ್ ನಾವು ಅಲ್ಲಿರುತ್ತೇವೆ. ನನಗೆ 66, ಮನೆಯವರಿಗೆ 61. ನನಗೆ ಬಿಪಿ ಇದೆ. ಜಗತ್ತಿನಲ್ಲೇ ಹಳೆಯ ಮರ ಅಲ್ಲಿದೆಯಂತೆ, ನಮ್ಮ ಕೈಲಿ ಹೋಗಿ ನೋಡಲು ಆದೀತೇ?

ಉತ್ತರ: ಆದೀತು, ಆದರೆ ಯಾವ ಮರ ಎಂದು ಮೊದಲು ಗೊತ್ತುಮಾಡಿಕೊಳ್ಳಿ. ಅತಿ ಎತ್ತರದ ಮರ, ಅತಿ ದೊಡ್ಡ ಮರ, ಅತಿ ಹಳೆಯ ಮರ ಮೂರೂ ಕ್ಯಾಲಿಫೋರ್ನಿಯಾದಲ್ಲಿವೆ. ಮೂರರದೂ ಬೇರೆ ಬೇರೆ ಜಾತಿ, ಬೇರೆ ಬೇರೆ ದಿಕ್ಕು. ಎತ್ತರದ್ದು ಕಡಲಂಚಿನ ಮಂಜಿನಲ್ಲಿ ಬೆಳೆಯುವ ಕೋಸ್ಟ್ ರೆಡ್‌ವುಡ್. ದೊಡ್ಡದು ಸಿಯೆರಾ ನೆವಾಡಾ ಬೆಟ್ಟಸಾಲಿನ ಪಡುವಣ ಮಗ್ಗುಲಿನ ಜೈಂಟ್ ಸಿಕೋಯಾ. ಹಳೆಯದು ಆ ಬೆಟ್ಟಸಾಲನ್ನೂ ದಾಟಿದ ಮೇಲೆ, ಮಳೆ ಅಪರೂಪವಾದ ವೈಟ್ ಮೌಂಟನ್ಸ್‌ನ ಮೇಲಿರುವ ಬ್ರಿಸಲ್‌ಕೋನ್ ಪೈನ್. ಒಂದೇ ವಾರಾಂತ್ಯದಲ್ಲಿ ಮೂರನ್ನೂ ಮುಗಿಸಲು ಹೊರಟವರಿಗೆ ಕಾಣಸಿಗುವುದು ಹೆದ್ದಾರಿ ಮಾತ್ರ.

ರೆಡ್‌ವುಡ್ ಎಲ್ಲಕ್ಕಿಂತ ಸುಲಭ. ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಸೇತುವೆ ದಾಟಿದರೆ ಸುಮಾರು 20 ಕಿ.ಮೀ. ದೂರದಲ್ಲಿ ಮ್ಯೂರ್ ವುಡ್ಸ್ ಇದೆ. ಹಾದಿ ಸಮತಟ್ಟು. ಅಲ್ಲಿಯ ದೊಡ್ಡ ಮರಗಳಲ್ಲಿ ಹೆಚ್ಚಿನವು 500ರಿಂದ 800 ವರ್ಷದವು. ಕಾರು ನಿಲ್ಲಿಸಲಾಗಲಿ ಅವರ ಬಸ್ಸಿಗಾಗಲಿ ಮುಂಗಡ ಬುಕಿಂಗ್ ಕಡ್ಡಾಯ. ಒಳಗೆ ಮೊಬೈಲ್ ಸಿಗ್ನಲ್ ಸಿಗದು. ಬುಕಿಂಗ್ ಚೀಟಿಯನ್ನು ಮನೆಯಲ್ಲೇ ಫೋನಿಗೆ ಇಳಿಸಿಕೊಳ್ಳದೆ ಹೋಗಿ ಗೇಟಿನಲ್ಲಿ ಪರದಾಡುವವರು ಬಹಳ.

ಜಗತ್ತಿನ ಅತಿ ಎತ್ತರದ ಮರವಾದ ಹೈಪೀರಿಯನ್ ಕೂಡ ರೆಡ್‌ವುಡ್ಡೇ, ಸುಮಾರು 116 ಮೀಟರ್. ಅದನ್ನು ಹುಡುಕಲು ಹೋಗಬೇಡಿ. ಹಾದಿಯೇ ಇಲ್ಲದ ಕಾಡಿನಲ್ಲಿ ಜನ ನುಗ್ಗಿ ನುಗ್ಗಿ ಬುಡದ ಜರೀಗಿಡಗಳೆಲ್ಲ ಅಳಿದು, ಮಣ್ಣು ಗಟ್ಟಿಯಾಗಿ, 2022ರಲ್ಲಿ ಆ ಜಾಗವನ್ನೇ ಮುಚ್ಚಿದರು. ಒಳಗೆ ಸಿಕ್ಕಿಬಿದ್ದರೆ 5,000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು. ಅಷ್ಟೆತ್ತರದ ಮರದ ನೆತ್ತಿ ಬುಡದಲ್ಲಿ ನಿಂತವರಿಗೆ ಹೇಗೂ ಕಾಣುವುದಿಲ್ಲ.

ಗಾತ್ರದಲ್ಲಿ ದೊಡ್ಡದು ಸಿಕೋಯಾ ರಾಷ್ಟ್ರೀಯ ಉದ್ಯಾನದ ಜನರಲ್ ಶರ್ಮನ್. ಎತ್ತರ 83.8 ಮೀಟರ್, ನೆಲಮಟ್ಟದ ಸುತ್ತಳತೆ 31 ಮೀಟರ್, ಕಾಂಡದ ಗಾತ್ರ ಸುಮಾರು 1,487 ಘನ ಮೀಟರ್. ವಯಸ್ಸು 2,200 ವರ್ಷದ ಆಸುಪಾಸು. ಕಾರು ನಿಲ್ಲಿಸಿದಲ್ಲಿಂದ ಮರದ ತನಕ 800 ಮೀಟರ್ ಇಳಿಜಾರು, ಮೆಟ್ಟಿಲುಗಳೂ ಇವೆ. ಇಳಿಯುವಾಗ ಏನೂ ಅನ್ನಿಸದು. ಆಮೇಲೆ ಅದೇ ಹಾದಿಯನ್ನು 2,100 ಮೀಟರ್ ಎತ್ತರದ ತೆಳುಗಾಳಿಯಲ್ಲಿ ಏರಬೇಕು. ಬಿಪಿ ಇರುವವರು ಬೆಂಚು ಸಿಕ್ಕಲ್ಲೆಲ್ಲ ಕೂತು ಏರಿ. ಬೇಸಿಗೆಯಲ್ಲಿ ಉದ್ಯಾನದ ಉಚಿತ ಬಸ್ಸು ಇರುತ್ತದೆ. ಕೆಳಗಿನ ನಿಲ್ದಾಣದಲ್ಲಿ ಹತ್ತಿದರೆ ಏರು ತಪ್ಪುತ್ತದೆ. ಆ ತಿಂಗಳುಗಳಲ್ಲಿ ಕಾಳ್ಗಿಚ್ಚಿನ ಹೊಗೆಯೂ ಇರಬಹುದು. 2020 ಮತ್ತು 2021ರ ಬೆಂಕಿಯಲ್ಲಿ ದೊಡ್ಡ ಸಿಕೋಯಾಗಳಲ್ಲಿ ಶೇ. 13ರಿಂದ 19ರಷ್ಟು ಸತ್ತವೆಂದು ಉದ್ಯಾನದವರ ಅಂದಾಜು. 2021ರಲ್ಲಿ ಶರ್ಮನ್ ಮರದ ಬೊಡ್ಡೆಗೇ ಬೆಂಕಿ ತಡೆಯುವ ಅಲ್ಯೂಮಿನಿಯಂ ಹಾಳೆ ಸುತ್ತಿದ್ದರು.

ಇನ್ನು ನೀವು ಕೇಳಿದ ಹಳೆಯ ಮರ. ಬಿಗ್ ಪೈನ್ ಎಂಬ ಊರಿನಿಂದ 168ನೇ ಹೆದ್ದಾರಿಯಲ್ಲಿ ಸುಮಾರು 21 ಕಿ.ಮೀ., ಅಲ್ಲಿಂದ ಎಡಕ್ಕೆ ವೈಟ್ ಮೌಂಟನ್ ರಸ್ತೆಯಲ್ಲಿ 16 ಕಿ.ಮೀ. ಹೋದರೆ ಶುಲ್ಮನ್ ಗ್ರೋವ್. ಅಲ್ಲಿಯವರೆಗೆ ಡಾಂಬರು ರಸ್ತೆಯೇ. ಎತ್ತರ 3,000 ಮೀಟರಿಗೂ ಮೇಲೆ, ಅಂದರೆ ನಿಮ್ಮ ಶಿರಸಿಯ ಐದು ಪಟ್ಟು. ನೇರವಾಗಿ ಏರಿಬಿಟ್ಟರೆ ತಲೆನೋವು, ವಾಕರಿಕೆ ಬರುವುದುಂಟು. ಹಿಂದಿನ ರಾತ್ರಿ ಬಿಷಪ್ ಎಂಬ ಊರಿನಲ್ಲೋ ಬಿಗ್ ಪೈನ್‌ನಲ್ಲೋ ತಂಗಿ, ಬೆಳಿಗ್ಗೆ ಹೊರಡಿ. ಡಾಕ್ಟರ ಹತ್ತಿರ ಮೊದಲೇ ಕೇಳಿಕೊಳ್ಳಿ. ತಲೆ ಸಿಡಿಯತೊಡಗಿದರೆ ಮಾತ್ರೆ ನುಂಗಿ ಕೂರಬೇಡಿ, ಕೆಳಗಿಳಿಯಿರಿ, ಅದೊಂದೇ ಮದ್ದು. ಮೇಲೆ ಪೆಟ್ರೋಲ್ ಇಲ್ಲ, ಕುಡಿಯುವ ನೀರಿಲ್ಲ. ಟ್ಯಾಂಕ್ ತುಂಬಿಸಿ, ತಲೆಗೆ 3 ಲೀಟರ್ ನೀರು ಇಟ್ಟುಕೊಳ್ಳಿ. ಮೆಥೂಸೆಲಾ ಹಾದಿ 7 ಕಿ.ಮೀ. ಸುತ್ತು. ನಿಮಗೆ ಅದು ಬೇಡ. ಅಲ್ಲೇ ಇರುವ ಒಂದೂವರೆ ಕಿ.ಮೀ.ಯ ಡಿಸ್ಕವರಿ ಹಾದಿಯಲ್ಲೂ ಸಾವಿರಾರು ವರ್ಷದ ಮರಗಳೇ ಎರಡೂ ಬದಿಗೆ.

ಮೆಥೂಸೆಲಾ ಎಂಬ ಮರಕ್ಕೆ 4,800 ವರ್ಷಕ್ಕೂ ಹೆಚ್ಚು. ಅದು ಯಾವುದೆಂದು ಅರಣ್ಯ ಇಲಾಖೆಯವರು ಗುರುತು ಹಾಕಿಲ್ಲ, ಹೇಳುವುದೂ ಇಲ್ಲ. ಗುರುತು ಹಾಕಿದ್ದರೆ ಚೂರು ಚೂರಾಗಿ ಜನರ ಜೇಬು ಸೇರುತ್ತಿತ್ತು. ದೊಡ್ಡ ಮರವನ್ನು ಕಣ್ಣು ಹುಡುಕುತ್ತದೆ, ಆದರೆ ಬ್ರಿಸಲ್‌ಕೋನ್‌ನಲ್ಲಿ ಅತಿ ಹಳೆಯವು ಗಿಡ್ಡ, ತಿರುಚಿಕೊಂಡವು, ಮುಕ್ಕಾಲು ಪಾಲು ಸತ್ತಂತೆ ಕಾಣುವವು. ಬೆಳ್ಳಗಿನ ಡಾಲೊಮೈಟ್ ಕಲ್ಲುಮಣ್ಣು, ಚಳಿ, ನೀರಿನ ಕೊರತೆಯಲ್ಲಿ ಅವು ಬೆಳೆಯುವುದೇ ಕೂದಲೆಳೆಯಷ್ಟು. ಹಾಗಾಗಿ ಮರ ದಟ್ಟ, ಅಂಟು ಹೆಚ್ಚು, ಹುಳುವಿಗೂ ಕೊಳೆಗೂ ಬಗ್ಗದು. ತೊಗಟೆಯ ಒಂದು ಪಟ್ಟಿ ಜೀವವಿದ್ದರೂ ಅದರ ಮೇಲಿನ ಕೊಂಬೆ ಹಸಿರಾಗಿರುತ್ತದೆ. ಸೂಜಿಯೆಲೆ 30–40 ವರ್ಷ ಉದುರದೆ ನಿಲ್ಲುತ್ತದೆ. ಸೊಕ್ಕಿ ಬೆಳೆದ ಮರ ಬೇಗ ಸಾಯುತ್ತದೆ, ಹಸಿದು ಬೆಳೆದದ್ದು ಬಾಳುತ್ತದೆ.

ಪ್ರಶ್ನೆ (ಕಾರವಾರ): ಒಂದೇ ಮರಕ್ಕೆ ಒಬ್ಬರು 2,000 ವರ್ಷ ಎನ್ನುತ್ತಾರೆ, ಇನ್ನೊಬ್ಬರು 7,000. ಯಾವುದನ್ನು ನಂಬುವುದು?

ಉತ್ತರ: ಅಂಕಿಯನ್ನು ನಂಬುವ ಮೊದಲು ಅದು ಎಲ್ಲಿಂದ ಬಂತು ಎಂದು ಕೇಳಿ. ಉಂಗುರ ಎಣಿಸಿದ ವಯಸ್ಸು ಗಟ್ಟಿ. ಚಳಿಗಾಲದಲ್ಲಿ ಬೆಳವಣಿಗೆ ನಿಂತು ವಸಂತದಲ್ಲಿ ಶುರುವಾಗುವ ಕಡೆ ವರ್ಷಕ್ಕೊಂದು ಉಂಗುರ ಸ್ಪಷ್ಟವಾಗಿ ಬೀಳುತ್ತದೆ. ಟೊಳ್ಳು ಬೈರಿಗೆ ಹಾಕಿ ಪೆನ್ಸಿಲ್‌ಗಿಂತ ಸಪೂರದ ಕಡ್ಡಿಯನ್ನು ಹೊರತೆಗೆದು ಎಣಿಸುತ್ತಾರೆ. ಎಡ್ಮಂಡ್ ಶುಲ್ಮನ್ ಎಂಬ ಸಂಶೋಧಕ 1957ರಲ್ಲಿ ಮೆಥೂಸೆಲಾದ ವಯಸ್ಸು ಕಂಡದ್ದು ಹೀಗೆ. 1964ರಲ್ಲಿ ನೆವಾಡಾದ ವೀಲರ್ ಪೀಕ್ ಬಳಿ ಡೊನಾಲ್ಡ್ ಕರ್ರಿ ಎಂಬ ಸಂಶೋಧಕ ಅನುಮತಿ ಪಡೆದೇ ಒಂದು ಬ್ರಿಸಲ್‌ಕೋನ್ ಕಡಿಸಿದ. ಎಣಿಸಿ ನೋಡಿದರೆ 4,800ಕ್ಕೂ ಹೆಚ್ಚು ಉಂಗುರ! ಅದುವರೆಗೆ ಗೊತ್ತಿದ್ದ ಎಲ್ಲಕ್ಕಿಂತ ಹಳೆಯ ಮರ ಕಡಿದ ಮೇಲೆ ಗೊತ್ತಾಯಿತು. ಪ್ರೊಮಿತಿಯಸ್ ಎಂದು ಆ ಮರದ ಹೆಸರು.

ಬೊಡ್ಡೆ ಪೊಟರೆಯಾದ ಮರದಲ್ಲಿ ಮೊದಲ ಶತಮಾನಗಳ ಉಂಗುರಗಳೇ ಉಳಿದಿರುವುದಿಲ್ಲ. ಆಗ ಉಳಿದ ಮರದ ಚೂರನ್ನು ಇಂಗಾಲದ ಪರೀಕ್ಷೆಗೆ (ಅದರಲ್ಲಿ ಉಳಿದ ವಿಕಿರಣಶೀಲ ಇಂಗಾಲ ಅಳೆದು ವಯಸ್ಸು ಹೇಳುವ ಪರೀಕ್ಷೆ) ಒಡ್ಡುತ್ತಾರೆ. ಸಿಗುವುದು ‘ಕನಿಷ್ಠ ಇಷ್ಟು’ ಎಂಬ ಉತ್ತರ. ಜಪಾನಿನ ಯಾಕುಶಿಮಾ ದ್ವೀಪದ ಜೋಮೋನ್ ಸುಗಿ ಮರದ ವಿಷಯ ಹೀಗೇ. ಪರೀಕ್ಷೆ ಕೊಟ್ಟ ಅಂಕಿ ಸುಮಾರು 2,170 ವರ್ಷ. 7,200 ಎಂಬುದು ಸುತ್ತಳತೆ ನೋಡಿ ಹಾಕಿದ ಲೆಕ್ಕ. ಸುಮಾರು 7,300 ವರ್ಷದ ಹಿಂದೆ ಪಕ್ಕದ ಕಿಕಾಯಿ ಅಗ್ನಿಪರ್ವತ ಸಿಡಿದು ಆ ದ್ವೀಪದ ಮೇಲೆಲ್ಲ ಬೆಂಕಿ, ಬೂದಿ ಸುರಿದಿತ್ತು. ಅದು ಆರಿದ ಕೂಡಲೇ ಈ ಮರ ಮೊಳೆಯಿತೆನ್ನುವುದು ಕಷ್ಟ.

ಸ್ಕಾಟ್ಲೆಂಡಿನ ಫೋರ್ಟಿಂಗಲ್ ಹಳ್ಳಿಯ ಯೂ ಮರಕ್ಕೆ 2,000ರಿಂದ 5,000ದವರೆಗೂ ಹೇಳುವವರಿದ್ದಾರೆ. 1769ರಲ್ಲಿ ಅಳೆದಾಗ ಸುತ್ತಳತೆ 52 ಅಡಿ. ಇವತ್ತು ನಿಂತು ನೋಡಿದರೆ ಬಿಡಿಬಿಡಿ ಮರಗಳ ಗುಂಪಿನ ಹಾಗೆ ಕಾಣುತ್ತದೆ. ನಡುವಿನ ತಿರುಳು ಪೂರ್ತಿ ಹೋಗಿದೆ, ಹೋದದ್ದರಲ್ಲಿ ನೆನಪಿಗೆಂದು ಕಿತ್ತೊಯ್ದವರ ಪಾಲೂ ಇದೆ. ಸುತ್ತ ಗೋಡೆ ಕಟ್ಟಿದ್ದು ಅದಕ್ಕೇ. ಇನ್ನು ಸ್ವೀಡನ್ನಿನ ಓಲ್ಡ್ ಟಿಯಿಕ್ಕೊ ಎಂಬ ಸ್ಪ್ರೂಸ್ ಮರ: 9,550 ವರ್ಷ ಎಂಬುದು ಬುಡದಲ್ಲಿ ಸಿಕ್ಕ ಹಳೆಯ ಬೇರುಮರದ ವಯಸ್ಸು. ಮೇಲೆ ಕಾಣುವ ಐದು ಮೀಟರಿನ ಕಾಂಡ ಕೆಲವು ಶತಮಾನದ್ದು. ಬಾಳೆಯ ಬುಡ ಹಳೆಯದು, ಕಂದು ಹೊಸದು ಎಂದಂತೆ.

ಬರವಣಿಗೆಯ ದಾಖಲೆಯಿಂದ ನೆಟ್ಟ ಕಾಲ ತಿಳಿದ ಮರಗಳಲ್ಲಿ ಅತಿ ಹಳೆಯದು ಶ್ರೀಲಂಕಾದ್ದು. ಅದರ ಮಾತು ಕೆಳಗೆ ಬರುತ್ತದೆ.

ಪ್ರಶ್ನೆ (ಸಿದ್ದಾಪುರ): ನ್ಯೂಜಿಲೆಂಡಿಗೆ ಹೋದ ನಮ್ಮ ತಮ್ಮನಿಗೆ ಕೌರಿ ಮರ ನೋಡುವ ಮೊದಲು ಚಪ್ಪಲಿ ಉಜ್ಜಿ ತೊಳೆಯಲು ಹೇಳಿದರಂತೆ. ಅಷ್ಟೊಂದು ಮಡಿ ಏಕೆ?

ಉತ್ತರ: ಅಡಿಕೆ ತೋಟದವರಿಗೆ ಇದನ್ನು ವಿವರಿಸುವುದು ಸುಲಭ. ಆಷಾಢದ ಜಡಿಮಳೆಯಲ್ಲಿ ಗೊನೆಯೆಲ್ಲ ಉದುರಿಸುವ ಕೊಳೆರೋಗ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿಯಿಂದ. ಕಾಳುಮೆಣಸಿನ ಬಳ್ಳಿ ವಾರದೊಳಗೆ ಬಾಡಿ ಹೋಗುವ ಸೊರಗುರೋಗವೂ ಅದೇ ಕುಲದ್ದು. ಕೌರಿ ಮರ ಕೊಲ್ಲುತ್ತಿರುವುದು ಅವುಗಳ ದಾಯಾದಿ, ಫೈಟಾಫ್ತೊರಾ ಅಗಾತಿಡಿಸಿಡಾ. 2015ರಲ್ಲಿ ಅದಕ್ಕೆ ಆ ಹೆಸರಿಟ್ಟರು. ಅದು ಇರುವುದು ಮಣ್ಣಿನಲ್ಲಿ. ತೇವದಲ್ಲಿ ಈಜಿ ಎಳೆಬೇರಿಗೆ ಹೊಕ್ಕು, ಬೇರು ಕೊಳೆಸಿ, ಬುಡದ ತೊಗಟೆಯಿಂದ ಅಂಟು ಸೋರಿಸುತ್ತದೆ. ನೀರು, ಆಹಾರ ಮೇಲೇರದೆ ನೆತ್ತಿ ಬೋಳಾಗಿ ಮರ ನಿಂತಲ್ಲೇ ಸಾಯುತ್ತದೆ. ಗುಂಡುಸೂಜಿಯ ತಲೆಯಷ್ಟು ಮಣ್ಣು ಸಾಕು ಒಂದು ಕಾಡಿನಿಂದ ಇನ್ನೊಂದಕ್ಕೆ ದಾಟಲು, ಮತ್ತು ಅದನ್ನು ದಾಟಿಸುವುದರಲ್ಲಿ ಕಾಡುಹಂದಿಯ ಗೊರಸಿನ ಜೊತೆ ಪ್ರವಾಸಿಗಳ ಬೂಟಿನ ಪಾಲು ದೊಡ್ಡದು.

ಗೊನೆಗೆ ನಾವು ಶೇ. 1ರ ಬೋರ್ಡೋ ಹೊಡೆಯುತ್ತೇವೆ: 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. 50 ಮೀಟರ್ ಎತ್ತರದ ಕಾಡುಮರದ ಬೇರಿಗೆ ಅದು ಆಗದ ಮಾತು. ಕಾಂಡಕ್ಕೆ ಫಾಸ್ಫೈಟ್ ಚುಚ್ಚುತ್ತಾರೆ. ಮೆಣಸಿನ ಬಳ್ಳಿಗೆ ನಮ್ಮಲ್ಲಿ ಕೊಡುವ ಪೊಟ್ಯಾಸಿಯಂ ಫಾಸ್ಫೊನೇಟೇ ಅದು. ರೋಗ ನಿಧಾನವಾಗುತ್ತದೆ, ವಾಸಿಯಾಗದು. ಹಾಗಾಗಿ ಉಳಿದ ದಾರಿ ಬೂಟು ತೊಳೆಯುವುದು.

ಮಾಡುವ ಕ್ರಮ ಹೀಗೆ. ವಸತಿಯಲ್ಲೇ ಬೂಟಿನ ಅಡಿಯ ಗೀರುಗಳಿಂದ ಮಣ್ಣನ್ನು ಕಡ್ಡಿಯಿಂದ ಬಿಡಿಸಿ ತೊಳೆದು ಒಣಗಿಸಿ. ಕಾಡಿನ ಬಾಗಿಲಲ್ಲಿ ಬ್ರಷ್ಷಿನ ಮೇಲೆ ತಿಕ್ಕಿ, ಆಮೇಲೆ ಸೋಂಕುನಾಶಕದ ಮೇಲೆ ಕಾಲಿಡಿ. ಬಹಳ ಜನ ತಪ್ಪುವುದು ಇಲ್ಲೇ: ಕೆಸರು ಮೆತ್ತಿದ ಬೂಟನ್ನೇ ಔಷಧದಲ್ಲಿ ಅದ್ದುತ್ತಾರೆ. ಕೆಸರಿನೊಳಗೆ ಔಷಧ ಇಳಿಯುವುದಿಲ್ಲ, ರೋಗ ಒಳಗೆ ಹಾಯಾಗಿರುತ್ತದೆ. ಹೊರಬರುವಾಗಲೂ ಇದೇ ಕ್ರಮ. ಕೋಲು, ಕ್ಯಾಮೆರಾದ ಮೂರುಕಾಲಿನ ತುದಿ, ಮಗುವಿನ ಗಾಡಿಯ ಗಾಲಿಯನ್ನೂ ಮರೆಯಬೇಡಿ.

ನೋಡಬೇಕಾದ ಮರ ವೈಪೌವಾ ಕಾಡಿನ ತಾನೆ ಮಾಹುಟ. ಮಾವೋರಿ ಜನರಿಗೆ ಅದು ಕಾಡಿನ ಒಡೆಯ. ಆಕಾಶ ತಂದೆಯನ್ನೂ ಭೂಮಿತಾಯಿಯನ್ನೂ ಬೇರೆ ಮಾಡಿ ನಡುವೆ ಬೆಳಕು ಬರಿಸಿದ ದೇವರ ಹೆಸರು ಅದಕ್ಕೆ. ಸುತ್ತಳತೆ 13.77 ಮೀಟರ್. ಆಕ್ಲೆಂಡಿನಿಂದ ಕಾರಿನಲ್ಲಿ ಮೂರೂವರೆ ತಾಸು, ಹೆದ್ದಾರಿ ಬದಿಯಿಂದ ಐದು ನಿಮಿಷದ ನಡಿಗೆ. ಹಲಗೆಯ ಹಾದಿ ಬಿಟ್ಟು ಒಂದು ಹೆಜ್ಜೆಯನ್ನೂ ಕೆಳಗಿಡಬೇಡಿ. ಕೌರಿಯ ಉಣ್ಣುವ ಬೇರು ಮೇಲ್ಮಣ್ಣಿನಲ್ಲೇ ಇದ್ದು, ಕೊಂಬೆಗಳ ಹರವಿನ ಮೂರರಷ್ಟು ದೂರ ಹರಡಿರುತ್ತದೆ. ಇಲ್ಲಿ ಮರವಿಲ್ಲವಲ್ಲ ಎಂದು ಕಾಲಿಟ್ಟಲ್ಲೂ ಅದರ ಬೇರಿದೆ.

ಪ್ರಶ್ನೆ (ಕುಮಟಾ): ಮರವನ್ನು ನಾವೇ ಅಳೆಯುವುದು ಹೇಗೆ? ಫೋಟೋದಲ್ಲಿ ಮರ ಯಾವಾಗಲೂ ಚಿಕ್ಕದಾಗಿ ಕಾಣುತ್ತದೆ.

ಉತ್ತರ: ಬೇಲಿ, ಹಲಗೆಹಾದಿ ಇರುವಲ್ಲಿ, ಪೂಜೆ ನಡೆಯುವಲ್ಲಿ ಅಳೆಯುವ ಯೋಚನೆ ಬಿಡಿ. ಉಳಿದಲ್ಲಿ ಹಿಗ್ಗದ ದಾರ 15 ಮೀಟರ್ ಮತ್ತು ದರ್ಜಿಯ ಟೇಪು ಸಾಕು. ಸಾದಾ ಹತ್ತಿ ಹಗ್ಗ ಒದ್ದೆಯಾದರೆ ಕುಗ್ಗುತ್ತದೆ, ನೈಲಾನ್ ಎಳೆದರೆ ಹಿಗ್ಗುತ್ತದೆ. ಸುತ್ತಳತೆ ಅಳೆಯುವ ಎತ್ತರ ದೇಶದಿಂದ ದೇಶಕ್ಕೆ ಬೇರೆ: ಹಲವು ಕಡೆ 1.3 ಮೀಟರ್, ನಮ್ಮ ಅರಣ್ಯ ಇಲಾಖೆಯದು 1.37, ಬ್ರಿಟನ್ನಿನ ಹಳೆಮರದ ದಾಖಲೆಗೆ 1.5. ಹಾಗಾಗಿ ಅಂಕಿಯ ಪಕ್ಕ ಎತ್ತರವನ್ನೂ ಬರೆಯಿರಿ, ಇಲ್ಲದಿದ್ದರೆ ಹೋಲಿಸಲು ಬರುವುದಿಲ್ಲ. ಇಳಿಜಾರಿನಲ್ಲಿ ಮೇಲಿನ ಮಗ್ಗುಲಿನ ನೆಲದಿಂದ ಎತ್ತರ ಗುರುತಿಸಿ. ಆ ಎತ್ತರದಲ್ಲಿ ಗಂಟು ಇದ್ದರೆ ಅದರ ಕೆಳಗಿನ ಸಪೂರ ಜಾಗ ಹಿಡಿಯಿರಿ. ಹಲಗೆಯಂಥ ಆನಿಕೆ ಬೇರಿರುವ ಮರವಾದರೆ ಬೇರು ಮುಗಿದ ಮೇಲೆ ಅಳೆಯಿರಿ. ದಾರ ಹಿಂಬದಿಯಲ್ಲಿ ಜಾರಿ ಓರೆಯಾಗುವುದು ಸಾಮಾನ್ಯ ತಪ್ಪು, ಆಗ ಸುತ್ತಳತೆ ಹೆಚ್ಚಾಗಿ ಬರುತ್ತದೆ. ಇನ್ನೊಬ್ಬರು ಹಿಂದೆ ನಿಂತು ನೋಡಲಿ. ನೆಲ ಒದ್ದೆಯಿದ್ದರೆ ಮರಕ್ಕೆ ಸುತ್ತು ಬರಬೇಡಿ, ತುಳಿತಕ್ಕೆ ಮಣ್ಣು ಬಿಗಿದುಕೊಳ್ಳುವುದು ಆಗಲೇ.

ಎತ್ತರಕ್ಕೆ ಒಂದು ಕೋಲು ಸಾಕು. ತೋಳು ನೀಟಾಗಿ ಚಾಚಿ ಕೋಲನ್ನು ನೆಟ್ಟಗೆ ಹಿಡಿಯಿರಿ. ಮುಷ್ಟಿಯ ಮೇಲಿನ ಕೋಲಿನ ಉದ್ದ, ಕಣ್ಣಿನಿಂದ ಮುಷ್ಟಿಗಿರುವ ದೂರ ಎರಡೂ ಸಮ ಇರಬೇಕು. ಮುಷ್ಟಿ ಮರದ ಬುಡಕ್ಕೂ ಕೋಲಿನ ತುದಿ ಮರದ ನೆತ್ತಿಗೂ ಕೂಡುವವರೆಗೆ ಹಿಂದೆ ಸರಿಯಿರಿ. ನಿಂತಲ್ಲಿಂದ ಬುಡಕ್ಕೆ ಎಷ್ಟು ದೂರವೋ ಮರ ಅಷ್ಟು ಎತ್ತರ. ಇದು ಸಮತಟ್ಟು ನೆಲಕ್ಕೆ ಮಾತ್ರ. ಮರ ನಿಮ್ಮ ಕಡೆ ವಾಲಿದ್ದರೆ ಎತ್ತರ ಹೆಚ್ಚಾಗಿ ಬರುತ್ತದೆ, ಆಚೆ ವಾಲಿದ್ದರೆ ಕಡಿಮೆ. ವಾಲಿದ ದಿಕ್ಕಿಗೆ ಅಡ್ಡವಾಗಿ ನಿಲ್ಲಿ.

ಫೋಟೋ: ಬುಡದ ಹತ್ತಿರ ನಿಂತು ಫೋನಿನ ಅಗಲ ಮಸೂರದಲ್ಲಿ ಮೇಲಕ್ಕೆ ತೆಗೆದರೆ ಮರ ಮೇಲೆ ಹೋಗುತ್ತ ಚೂಪಾಗುತ್ತದೆ. ದೂರ ಹೋಗಿ, ಫೋನನ್ನು ನೆಟ್ಟಗೆ ಹಿಡಿದು, ಮಸೂರ ಹತ್ತಿರಕ್ಕೆ ಎಳೆದು ತೆಗೆಯಿರಿ. ಅಳತೆ ತಿಳಿಯಲು ಜನ ಬೇಕು, ಆದರೆ ಅವರು ಕಾಂಡದ ಪಕ್ಕದಲ್ಲೇ, ಅಂದರೆ ಮರದಷ್ಟೇ ದೂರದಲ್ಲಿರಬೇಕು. ಕ್ಯಾಮೆರಾದ ಹತ್ತಿರ ನಿಂತವರು ಮರವನ್ನು ಕುಬ್ಜ ಮಾಡಿಬಿಡುತ್ತಾರೆ. ಬಿಸಿಲಿಗಿಂತ ಮೋಡದ ದಿನವೇ ಚೆನ್ನ, ತೊಗಟೆಯ ಗೀರುಗಳೆಲ್ಲ ಕಾಣುತ್ತವೆ.

ಪ್ರಶ್ನೆ (ಭಟ್ಕಳ): ನಮ್ಮ ಮನೆಯ ಗಂಡಸರೆಲ್ಲ ಕೊಲ್ಲಿಯಲ್ಲಿ. ಮರುಭೂಮಿಯಲ್ಲಿ ನೋಡುವಂಥ ಮರ ಇದೆಯೇ?

ಉತ್ತರ: ಬಹರೇನಿನಲ್ಲಿ ಇದೆ, ಅದೂ ನಮಗೆ ಗುರುತಿನದೇ. ಶಜರತ್ ಅಲ್ ಹಯಾತ್, ಅಂದರೆ ಜೀವವೃಕ್ಷ. ಸುತ್ತ ಮರಳು, ನಡುವೆ ಸುಮಾರು 400 ವರ್ಷದ ಒಂಟಿ ಮರ, ಎತ್ತರ 10 ಮೀಟರಿನ ಹತ್ತಿರ. ಜಾತಿ ನಮ್ಮ ದಸರೆಯ ಬನ್ನಿ! ಬನ್ನಿಯ ತಾಯಿಬೇರು ಹತ್ತಾರು ಮೀಟರ್ ಆಳಕ್ಕೆ ಇಳಿಯಬಲ್ಲದು. ಮನಾಮಾದಿಂದ 40 ಕಿ.ಮೀ. ದೂರ. ಹೊತ್ತು ಮುಳುಗುವ ಮುಂಚಿನ ತಾಸು ಒಳ್ಳೆಯದು, ಬಿಸಿಲೂ ತಗ್ಗಿರುತ್ತದೆ, ಕೊಂಬೆಗಳ ಆಕಾರವೂ ಕಾಣುತ್ತದೆ. ತೊಗಟೆಯ ಮೇಲೆ ಹೆಸರು ಕೆತ್ತಿದವರಿಂದಾಗಿ ಈಗ ಬೇಲಿ ಹಾಕಿದ್ದಾರೆ. ದುಬೈ, ಅಬುಧಾಬಿಯವರಿಗೆ ಇದೇ ಬನ್ನಿ ‘ಗಾಫ್’ ಎಂಬ ಹೆಸರಿನ ರಾಷ್ಟ್ರೀಯ ಮರ.

ಓಮಾನಿನ ಸಲಾಲಾದಲ್ಲಿದ್ದರೆ ಇನ್ನೂ ಅದೃಷ್ಟ. ನಮ್ಮ ಮುಂಗಾರಿನದೇ ಒಂದು ಸೆರಗು ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಅಲ್ಲಿಯ ಬೆಟ್ಟ ಹಸಿರು ಮಾಡುತ್ತದೆ. ಮಿರ್ಬಾತ್ ದಾರಿಯಲ್ಲಿ ವಾದಿ ಹಿನ್ನಾ ಎಂಬಲ್ಲಿ ಬಾವೊಬಾಬ್ (ದೊಡ್ಡಹುಣಸೆ) ಮರಗಳಿವೆ. ಸಲಾಲಾದ ಉತ್ತರಕ್ಕೆ ವಾದಿ ದೌಕಾದಲ್ಲಿ ಲೋಬಾನದ ಮರಗಳ ಬಯಲಿದ್ದು, 2000ದಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿದೆ.

ಪ್ರಶ್ನೆ (ಮುಂಡಗೋಡ): ಸವಣೂರಿನ ದೊಡ್ಡಹುಣಸೆ ಮರಗಳನ್ನು ನೋಡಿ ಬೆಳೆದವರು ನಾವು. ಅವುಗಳ ಮೂಲ ಊರಿನಲ್ಲಿ ಎಲ್ಲಿ ನೋಡಬೇಕು?

ಉತ್ತರ: ಸವಣೂರಿನದು ಆಫ್ರಿಕಾದ ಬಾವೊಬಾಬ್. ಎಲ್ಲರೂ ಚಿತ್ರದಲ್ಲಿ ನೋಡುವ ಸಾಲುಮರಗಳು ಮಡಗಾಸ್ಕರಿನ ಮೊರೊಂಡಾವ ಪಟ್ಟಣದ ಹತ್ತಿರದವು. ಅವು ಅದೇ ಕುಲದ ಬೇರೆ ಜಾತಿ, ಕಂಬದ ಹಾಗೆ 30 ಮೀಟರ್‌ವರೆಗೆ ನೆಟ್ಟಗೆ. ದಾರಿ ಮಣ್ಣಿನದು, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮಳೆ. ಮೇ–ಅಕ್ಟೋಬರ್ ಹೋಗಲು ಅನುಕೂಲ, ಆದರೆ ಆಗ ಎಲೆ ಇರುವುದಿಲ್ಲ.

ಆಫ್ರಿಕಾದ ನೆಲದಲ್ಲಿ ಮಾತ್ರ ಒಂದು ಎಚ್ಚರಿಕೆ. ಹಳೆಯ ಪ್ರವಾಸ ಪುಸ್ತಕ ನೋಡಿ ಟಿಕೆಟ್ ಮಾಡಬೇಡಿ. ದಕ್ಷಿಣ ಆಫ್ರಿಕಾದ ಸನ್‌ಲ್ಯಾಂಡ್ ಬಾವೊಬಾಬ್ ಅದರ ಪೊಟರೆಯಲ್ಲಿ ಬಾರ್ ನಡೆಸುವಷ್ಟು ದೊಡ್ಡದಿತ್ತು, 2016–17ರಲ್ಲಿ ಸೀಳಿ ಬಿತ್ತು. ಜಿಂಬಾಬ್ವೆಯ ಪಂಕೆ ಎಂಬ ಮರ ಸುಮಾರು 2,450 ವರ್ಷದ್ದು, 2011ರ ಹೊತ್ತಿಗೆ ಸತ್ತಿತು. ಅತಿ ಹಳೆಯ 13 ಬಾವೊಬಾಬ್‌ಗಳಲ್ಲಿ 9 ಪೂರ್ತಿಯಾಗಿಯೋ ಭಾಗಶಃವೋ ಸತ್ತಿವೆ ಎಂದು 2018ರಲ್ಲಿ ಸಂಶೋಧಕರು ಪ್ರಕಟಿಸಿದರು. ಬರ, ಬಿಸಿಲಿನ ಏರಿಕೆ ಕಾರಣವಿರಬಹುದು ಎಂಬುದು ಅವರ ಶಂಕೆ.

ಪ್ರಶ್ನೆ (ಅಂಕೋಲಾ): ಜಪಾನಿಗೆ ಓದಲು ಹೋಗುತ್ತಿದ್ದೇನೆ. ಮೇಲೆ ಹೇಳಿದ ಜೋಮೋನ್ ಸುಗಿ ಒಂದೇ ದಿನದಲ್ಲಿ ಆಗುತ್ತದೆಯೇ? ನಾನು ಶಾಕಾಹಾರಿ.

ಉತ್ತರ: ಆಗುತ್ತದೆ, ದಿನ ಉದ್ದದ್ದು. ಹೋಗಿ ಬರಲು 22 ಕಿ.ಮೀ., ಸುಮಾರು 10 ತಾಸು. ಕಗೋಷಿಮಾ ಬಂದರಿನಿಂದ ಯಾಕುಶಿಮಾಕ್ಕೆ ವೇಗದ ದೋಣಿಯಲ್ಲಿ ಎರಡರಿಂದ ಮೂರು ತಾಸು. ಮಾರ್ಚ್‌ನಿಂದ ನವೆಂಬರ್‌ವರೆಗೆ ಸ್ವಂತ ಗಾಡಿಗೆ ಅರಕವಾ ಹಾದಿಬಾಯಿಯವರೆಗೆ ಬಿಡುವುದಿಲ್ಲ, ಯಾಕುಸುಗಿ ಮ್ಯೂಸಿಯಂನಿಂದ ನಸುಕಿನ ಬಸ್ಸು ಹಿಡಿಯಬೇಕು. ಟಿಕೆಟ್ ಹಿಂದಿನ ದಿನವೇ ಕೊಳ್ಳಿ. ಮೊದಲ 8 ಕಿ.ಮೀ. ಹಳೆಯ ಮರ ಸಾಗಿಸುವ ರೈಲಿನ ಹಳಿಯ ಮೇಲೆ ನಡೆಯುವುದು, ಕೊನೆಯ ಸುಮಾರು 2.5 ಕಿ.ಮೀ. ಕಡಿದಾದ ಮೆಟ್ಟಿಲು. ಬೆಳಿಗ್ಗೆ 10ರೊಳಗೆ ಹಳಿ ಮುಗಿಯದಿದ್ದರೆ ಅಲ್ಲಿಂದಲೇ ಮರಳಿ. ಕತ್ತಲಾದ ಮೇಲೆ ಒದ್ದೆ ಹಳಿಯ ಮೇಲೆ ಕಾಲು ತಪ್ಪುವುದೂ, ಕೊನೆಯ ಬಸ್ಸು ತಪ್ಪುವುದೂ ಜೊತೆಗೇ ಬರುತ್ತವೆ.

ವಸತಿಗಳು ನಸುಕಿಗೆ ಬುತ್ತಿ ಕೊಡುತ್ತವೆ, ಆದರೆ ತರಕಾರಿಯಂತೆ ಕಂಡದ್ದರಲ್ಲೂ ಮೀನಿನ ಸಾರು ಸೇರಿರುವುದು ಅಲ್ಲಿ ಸಾಮಾನ್ಯ. ಒಣ ತಿಂಡಿ, ಬಾಳೆಹಣ್ಣು ನೀವೇ ಇಟ್ಟುಕೊಳ್ಳಿ. ಬೆಟ್ಟದ ಮೇಲೆ ವರ್ಷಕ್ಕೆ 8,000 ಮಿ.ಮೀ.ಗೂ ಹೆಚ್ಚು ಮಳೆ. ಛತ್ರಿ ಉಪಯೋಗಕ್ಕೆ ಬಾರದು, ಮೇಲಂಗಿ–ಪ್ಯಾಂಟು ಎರಡೂ ಭಾಗದ ಮಳೆಯುಡುಪು ಬೇಕು, ಒಳಗೆ ಹತ್ತಿ ಬಟ್ಟೆ ಬೇಡ. ಶೌಚಾಲಯ ಕಡಿಮೆ, ಪೇಟೆಯಲ್ಲೇ ಸಿಗುವ ಶೌಚದ ಚೀಲ ಕೊಂಡುಕೊಳ್ಳಿ. ಮೇ ಮತ್ತು ಅಕ್ಟೋಬರ್ ಕೊನೆ ಒಳ್ಳೆಯ ಕಾಲ, ಆಗಸ್ಟ್–ಸೆಪ್ಟೆಂಬರ್ ಚಂಡಮಾರುತದ್ದು.

ಆ ಕಾಡಿನಲ್ಲಿ ಸಾವಿರ ವರ್ಷ ತುಂಬಿದ ಮರಕ್ಕಷ್ಟೇ ಯಾಕುಸುಗಿ ಎಂಬ ಹೆಸರು, ಉಳಿದವು ಕೊಸುಗಿ, ಎಂದರೆ ಚಿಕ್ಕವು. ಹಿಂದೆ ಮಾಡಿನ ಹಲಗೆಗೆಂದು ನೆಟ್ಟನೆಯ ಮರಗಳನ್ನೆಲ್ಲ ಕಡಿದರು. ಗಂಟು ಗಂಟಾದ, ಸೀಳಲು ಬಾರದ ಮರಗಳನ್ನು ಬಿಟ್ಟರು. 16.4 ಮೀಟರ್ ಸುತ್ತಳತೆಯ ಜೋಮೋನ್ ಸುಗಿ ಉಳಿದದ್ದು ಹಾಗೆ. ಹಾದಿಯಲ್ಲಿ ಸಿಗುವ ವಿಲ್ಸನ್ ಬೊಡ್ಡೆಯೊಳಗೆ (ಹಿಂದೆ ಕಡಿದ ದೊಡ್ಡ ಮರದ ಪೊಟರೆ ಬುಡ ಅದು) ಹೊಕ್ಕು ಮೇಲೆ ನೋಡಿ, ಒಂದು ಕೋನದಿಂದ ಬಾಯಿ ಹೃದಯದ ಆಕಾರಕ್ಕೆ ಕಾಣುತ್ತದೆ. ದೊಡ್ಡ ಮರವನ್ನು ಮಾತ್ರ ಕಟ್ಟೆಯ ಮೇಲಿಂದಲೇ ನೋಡಬೇಕು. 1966ರಲ್ಲಿ ಅದರ ಸುದ್ದಿ ಹಬ್ಬಿದ ಮೇಲೆ ಜನರ ತುಳಿತಕ್ಕೆ ಬುಡದ ಮಣ್ಣು ಕೊಚ್ಚಿ ಬೇರು ಹೊರಬಿದ್ದಿತ್ತು.

ಪ್ರಶ್ನೆ (ಹೊನ್ನಾವರ): ಕಡಿಮೆ ಖರ್ಚಿನಲ್ಲಿ ಹತ್ತಿರದ ದೇಶ ಯಾವುದು?

ಉತ್ತರ: ಶ್ರೀಲಂಕಾ. ಅನುರಾಧಪುರದ ಜಯ ಶ್ರೀ ಮಹಾಬೋಧಿಯನ್ನು ಅಶೋಕನ ಮಗಳು ಸಂಘಮಿತ್ತೆ ತಂದ ಬೋಧಿವೃಕ್ಷದ ಕೊಂಬೆಯಿಂದ ದೇವಾನಾಂಪಿಯ ತಿಸ್ಸ ರಾಜ ನೆಡಿಸಿದ. ಕ್ರಿ.ಪೂ. 3ನೇ ಶತಮಾನದ ಮಾತು. ಕೊಲಂಬೊದಿಂದ ರೈಲಿನಲ್ಲಿ 200 ಕಿ.ಮೀ. ಮರ ನಾವು ಎಣಿಸಿದಷ್ಟು ದಪ್ಪವಿಲ್ಲ. ಎತ್ತರದ ಕಟ್ಟೆಯ ಮೇಲೆ ಚಿನ್ನದ ಬಣ್ಣದ ಆಸರೆಗಳ ಮೇಲೆ ಒರಗಿದ ಸಪೂರ ಅರಳಿ ಕೊಂಬೆಗಳು ಕಾಣುತ್ತವೆ, ಸುತ್ತ ಕಾವಲಿಗೆಂದು ನೆಟ್ಟ ಬೇರೆ ಅರಳಿಗಳಿವೆ. ದೊಡ್ಡದನ್ನೇ ಬೋಧಿ ಎಂದುಕೊಂಡು ಬರುವವರು ಬಹಳ, ಅಲ್ಲಿಯವರನ್ನು ಕೇಳಿ ನೋಡಿ. ಬಿಳಿ ಅಥವಾ ತಿಳಿಬಣ್ಣದ ಬಟ್ಟೆ, ಮೊಣಕಾಲು–ಭುಜ ಮುಚ್ಚಿರಲಿ. ಚಪ್ಪಲಿ, ಟೊಪ್ಪಿ ತೆಗೆಯಬೇಕು. ಮಧ್ಯಾಹ್ನ ಕಲ್ಲುಹಾಸು ಕಾದಿರುತ್ತದೆ, ಬೆಳಿಗ್ಗೆಯೇ ಹೋಗಿ. ಹುಣ್ಣಿಮೆಯ ದಿನ ಜನಸಾಗರ. ಕ್ಯಾಂಡಿಯ ಹತ್ತಿರದ ಪೇರಾದೆನಿಯ ಸಸ್ಯೋದ್ಯಾನಕ್ಕೆ ಅರ್ಧ ದಿನ ಇಡಿ. ಅಲ್ಲಿಯ ಜಾವಾ ಅತ್ತಿ ಒಂದೇ ಮರ ಒಂದು ಬಯಲಿಗೆ ಚಪ್ಪರ ಹಾಕಿದೆ.

ಪ್ರಶ್ನೆ (ಯಲ್ಲಾಪುರ): ಇಂಗ್ಲೆಂಡಿನಲ್ಲಿ ಅಷ್ಟೊಂದು ಹಳೆಯ ಓಕ್ ಹೇಗೆ ಉಳಿದವು? ಲಂಡನ್ ಹತ್ತಿರ ಏನಿದೆ?

ಉತ್ತರ: ರಾಜರ, ಜಮೀನ್ದಾರರ ಜಿಂಕೆವನಗಳಲ್ಲಿ ಕಡಿಯಲು ಯಾರಿಗೂ ಬಿಡದೆ ಉಳಿದವು ಕೆಲವು. ಇನ್ನು ಕೆಲವು ಉಳಿದದ್ದಕ್ಕೆ ಕಾರಣ ನಿಮ್ಮ ಸೊಪ್ಪಿನ ಬೆಟ್ಟದಲ್ಲೇ ಇದೆ. ದನ, ಜಿಂಕೆಗೆ ಎಟುಕದಂತೆ ಎರಡು ಮೂರು ಮೀಟರ್ ಮೇಲೆ ಕೊಂಬೆ ಸವರಿ, ಚಿಗುರಿದ್ದನ್ನು ಹತ್ತಾರು ವರ್ಷಕ್ಕೊಮ್ಮೆ ಮತ್ತೆ ಸವರುತ್ತಿದ್ದರು. ತಲೆಭಾರ ಏರದ್ದರಿಂದ ಗಾಳಿಗೆ ಬೀಳಲಿಲ್ಲ. ಕಾಂಡ ಡೊಂಕು, ಪೊಟರೆ. ನಾಟಕ್ಕೆ ಬಾರದ್ದರಿಂದ ಕೊಡಲಿಯೂ ಬೀಳಲಿಲ್ಲ.

ಲಂಡನ್ನಿನ ರಿಚ್‌ಮಂಡ್ ಪಾರ್ಕಿನಲ್ಲಿ ಇಂಥ ಓಕ್‌ಗಳು ಬಹಳ, ಪ್ರವೇಶ ಉಚಿತ. ಹೀಥ್ರೂ ವಿಮಾನ ನಿಲ್ದಾಣಕ್ಕೆ ಹತ್ತಿರ, ಥೇಮ್ಸ್ ದಡದಲ್ಲಿ, 1215ರಲ್ಲಿ ಮ್ಯಾಗ್ನ ಕಾರ್ಟಾ ಎಂಬ ಹಕ್ಕುಪತ್ರಕ್ಕೆ ರಾಜನ ಮುದ್ರೆ ಬಿದ್ದ ರನ್ನಿಮೀಡ್‌ನ ಎದುರು ದಡದಲ್ಲಿ ಆಂಕರ್‌ವಿಕ್ ಯೂ ಇದೆ, ಸುತ್ತಳತೆ 8 ಮೀಟರ್. ಹಳ್ಳಿಯ ಚರ್ಚಿನಂಗಳಗಳಲ್ಲೂ ಯೂ ಹುಡುಕಿ. ಯೂ ಮರದ ಎಲೆ, ಬೀಜ, ತೊಗಟೆ ಎಲ್ಲವೂ ವಿಷ. ಮಕ್ಕಳು ಕೆಂಪು ಹಣ್ಣು ಬಾಯಿಗೆ ಹಾಕದಂತೆ ನೋಡಿಕೊಳ್ಳಿ. ವುಡ್‌ಲ್ಯಾಂಡ್ ಟ್ರಸ್ಟ್‌ನವರ ಹಳೆಮರಗಳ ನಕ್ಷೆಯಲ್ಲಿ ನೀವಿರುವ ಊರಿನ ಸುತ್ತಲಿನ ಮರಗಳು, ಸುತ್ತಳತೆ, ಸಾರ್ವಜನಿಕರಿಗೆ ಪ್ರವೇಶವಿದೆಯೇ ಇಲ್ಲವೇ ಎಲ್ಲ ಉಚಿತವಾಗಿ ಸಿಗುತ್ತದೆ. ಪ್ರವೇಶವಿಲ್ಲ ಎಂದಿದ್ದರೆ ಅದು ಯಾರದೋ ಹಿತ್ತಿಲು, ಹೋಗಬೇಡಿ.

ಪ್ರಶ್ನೆ (ದಾಂಡೇಲಿ): ಕಾಂಬೋಡಿಯಾದ ದೇವಸ್ಥಾನದ ಗೋಡೆ ಅಪ್ಪಿಕೊಂಡ ಮರ ಯಾವುದು?

ಉತ್ತರ: ತಾ ಪ್ರೋಮ್ ದೇವಸ್ಥಾನದಲ್ಲಿ ನೀವು ನೋಡಿದ ದೊಡ್ಡದು ಟೆಟ್ರಾಮೆಲಿಸ್ ನ್ಯೂಡಿಫ್ಲೋರಾ. ಪಶ್ಚಿಮ ಘಟ್ಟದಲ್ಲೂ ಬೆಳೆಯುತ್ತದೆ, ದೊಡ್ಡ ಆನಿಕೆ ಬೇರಿನ, ಬೇಸಿಗೆಯಲ್ಲಿ ಬೋಳಾಗುವ ಮರ. ಕೆಲವು ಗೋಡೆಗಳ ಮೇಲಿನವು ಅತ್ತಿಯ ಜಾತಿಯವು. ದೇವಸ್ಥಾನ 1186ರದ್ದು, ಮರಗಳು ಅದಕ್ಕಿಂತ ಎಷ್ಟೋ ಎಳೆಯವು. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋದರೆ ಮಾತ್ರ ಜನರಿಲ್ಲದೆ ನೋಡಬಹುದು.

ಪ್ರಶ್ನೆ (ಶಿರಸಿ): ಇಂಥ ಮರದ ಬೀಜವೊಂದು ತಂದು ನಮ್ಮ ಬೆಟ್ಟದಲ್ಲಿ ನೆಡಬಹುದೇ? ಇಲ್ಲಿಂದ ಅಪ್ಪೆಮಿಡಿ ಉಪ್ಪಿನಕಾಯಿ ಒಯ್ಯುವಾಗ ತೊಂದರೆ ಇದೆಯೇ?

ಉತ್ತರ: ಬೀಜ, ಟೊಂಗೆ, ಮಣ್ಣು ಯಾವುದನ್ನೂ ತರಬೇಡಿ. ಭಾರತದ 2003ರ ಸಸ್ಯ ಸಂಪರ್ಕತಡೆ ಆದೇಶದಂತೆ ಬೀಜ ತರಲು ಮೊದಲೇ ಆಮದು ಪರವಾನಗಿ, ಆ ದೇಶದ ಸಸ್ಯಾರೋಗ್ಯ ಪ್ರಮಾಣಪತ್ರ ಎರಡೂ ಬೇಕು. ಕಾನೂನು ಬಿಟ್ಟರೂ, ಸಿದ್ದಾಪುರದವರಿಗೆ ಕೊಟ್ಟ ಉತ್ತರ ಇನ್ನೊಮ್ಮೆ ಓದಿ: ಬೂಟಿನ ಮಣ್ಣಿನಲ್ಲಿ ಕೌರಿಯ ರೋಗ ಹರಡಿದ ಹಾಗೆಯೇ ಬೀಜದ ಜೊತೆ ನಮ್ಮ ತೋಟಕ್ಕೂ ಏನಾದರೂ ಬಂದೀತು. ಉಪ್ಪಿನಕಾಯಿಯ ವಿಷಯದಲ್ಲಿ, ನ್ಯೂಜಿಲೆಂಡ್, ಆಸ್ಟ್ರೇಲಿಯಾಕ್ಕೆ ಇಳಿಯುವಾಗ ಕೊಡುವ ಅರ್ಜಿಯಲ್ಲಿ ತಿನ್ನುವ ಪದಾರ್ಥ, ಅಡಿಕೆ, ಮರದ ಸಾಮಾನು, ಕಾಡಿನಲ್ಲಿ ಮೆಟ್ಟಿದ ಬೂಟು ಎಲ್ಲಕ್ಕೂ ‘ಹೌದು’ ಎಂದೇ ಬರೆಯಿರಿ. ಬರೆದು ತೋರಿಸಿದರೆ ಹೆಚ್ಚೆಂದರೆ ಭರಣಿ ಅಲ್ಲೇ ಉಳಿಯುತ್ತದೆ. ಬರೆಯದೆ ಸಿಕ್ಕಿದರೆ ನ್ಯೂಜಿಲೆಂಡಿನಲ್ಲಿ ಸ್ಥಳದಲ್ಲೇ 400 ಡಾಲರ್ ದಂಡ.